ಎದೆಯುರಿಯ ಮಾತ್ರೆಯೂ ಹೊಟ್ಟೆಯ ತಕರಾರೂ

ಎದೆಯುರಿ, ಹುಳಿತೇಗು ಎಂದು ವೈದ್ಯರಲ್ಲಿಗೆ ಹೋದಿರಿ, ಅವರು ಬರೆದುಕೊಟ್ಟ ಮಾತ್ರೆಯನ್ನು ನುಂಗಿದಿರಿ, ಉರಿಯೇನೋ ಅಡಗಿತು. ಆದರೆ ವಾರ ಕಳೆಯುವುದರೊಳಗೆ ಹೊಟ್ಟೆಯುಬ್ಬರವೋ, ಭೇದಿಯೋ, ಮಲಬದ್ಧತೆಯೋ ತಲೆದೋರಿತು. ಇದು ಹೊಸದೊಂದು ರೋಗವೆಂದು ತಿಳಿದು ಅದಕ್ಕೆ ಇನ್ನೊಂದು ಮಾತ್ರೆ ತರುವವರುಂಟು. ಮಾತ್ರೆಯೇ ಕೆಟ್ಟದ್ದೆಂದು ಅದನ್ನು ಥಟ್ಟನೆ ಬಿಟ್ಟು, ಮೊದಲಿಗಿಂತ ಹೆಚ್ಚಿನ ಉರಿಯಿಂದ ನರಳುವವರೂ ಉಂಟು. ಯಾವ ಮಾತ್ರೆ ಹೊಟ್ಟೆಯಲ್ಲಿ ಏನು ಮಾಡುತ್ತದೆಂಬುದನ್ನು ಅರಿತುಕೊಂಡರೆ ಈ ಎರಡು ಕಷ್ಟಗಳನ್ನೂ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಜಠರದಲ್ಲಿ ಊರುವ ಆಮ್ಲ ನಮ್ಮ ಶತ್ರುವಲ್ಲ. ಬೇಳೆಕಾಳು, ಹಾಲು, ಮಾಂಸಗಳಲ್ಲಿರುವ ಸಸಾರಜನಕವನ್ನು ಜೀರ್ಣಿಸಲು ಅದು ಬೇಕು. ಆಹಾರದೊಡನೆ ಒಳಹೊಕ್ಕ ಕ್ರಿಮಿಗಳನ್ನು ಕೊಲ್ಲಲೂ ಅದು ಬೇಕು. ಅನ್ನನಾಳದ ಕೆಳತುದಿಯಲ್ಲಿ ಮುಚ್ಚಳದಂತೆ ಕೆಲಸಮಾಡುವ ಸ್ನಾಯು ಸಡಿಲವಾಗಿ, ಆ ಆಮ್ಲ ಮೇಲಕ್ಕೆ ನುಗ್ಗಿದಾಗಲೇ ಎದೆಯುರಿ. ಜಠರದ ಒಳಗೋಡೆಗೆ ಇರುವಂಥ ರಕ್ಷಣೆ ಅನ್ನನಾಳಕ್ಕಿಲ್ಲ. ನಾವು ನುಂಗುವ ಮಾತ್ರೆಗಳು ಆಮ್ಲವನ್ನು ಕಡಮೆ ಮಾಡುತ್ತವೆಯೇ ಹೊರತು ಸಡಿಲವಾದ ಸ್ನಾಯುವನ್ನು ಬಿಗಿ ಮಾಡುವುದಿಲ್ಲ. ಆಮ್ಲ ಕಡಮೆಯಾದಾಗ ಅದು ಮಾಡುತ್ತಿದ್ದ ಉಳಿದ ಕೆಲಸಗಳೂ ಕುಂಠಿತವಾಗುವುದು ಸಹಜವಷ್ಟೆ.

ಈ ಔಷಧಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಈಗಾಗಲೇ ಊರಿರುವ ಆಮ್ಲದ ಹುಳಿಯನ್ನು ಮುರಿಯುವ ಆಂಟಾಸಿಡ್‌ಗಳು. ಇವುಗಳಲ್ಲಿ ಅಲ್ಯೂಮಿನಿಯಂ ಲವಣವಿದ್ದರೆ ಮಲ ಕಟ್ಟುತ್ತದೆ. ಮೆಗ್ನೀಸಿಯಂ ಇದ್ದರೆ ಭೇದಿಯಾಗುತ್ತದೆ. ಒಂದನ್ನು ಇನ್ನೊಂದು ಸರಿದೂಗಿಸಲೆಂದೇ ಎರಡನ್ನೂ ಬೆರೆಸಿ ತಯಾರಿಸುವುದುಂಟು. ಅಡುಗೆಸೋಡ ಮತ್ತು ಸುಣ್ಣದ ಕಾರ್ಬೊನೇಟು ಆಮ್ಲದೊಡನೆ ಬೆರೆತಾಗ ಅನಿಲವೇಳುತ್ತದೆ. ತೇಗೂ ಉಬ್ಬರವೂ ಅದರಿಂದಲೇ. ರಕ್ತದ ಒತ್ತಡವಿರುವವರಿಗೆ ಸೋಡದಲ್ಲಿನ ಸೋಡಿಯಂ ಒಳ್ಳೆಯದಲ್ಲ. ಮೂತ್ರಪಿಂಡದ ಕಾಯಿಲೆಯುಳ್ಳವರು ಯಾವ ಆಂಟಾಸಿಡ್ಡನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ಮೊದಲಾದವುಗಳನ್ನು ಆಂಟಾಸಿಡ್ಡಿನೊಡನೆ ಒಟ್ಟಿಗೆ ನುಂಗಿದರೆ ಅವು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣಕ್ಕೆ ಎರಡು ಗಂಟೆ, ಥೈರಾಯ್ಡಿನದಕ್ಕೆ ನಾಲ್ಕು ಗಂಟೆ ಅಂತರವಿರಲಿ.

ಎರಡನೆಯ ಬಗೆ, ಆಮ್ಲವನ್ನು ಸ್ರವಿಸೆಂದು ಜಠರಕ್ಕೆ ಬರುವ ಸೂಚನೆಯನ್ನು ತಡೆಯುವಂಥವು. ೧೯೭೬ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಎಂಬ ಹೆಸರಿನಿಂದ ಮೊದಲಾದ ಈ ವಂಶದ ಮಾತ್ರೆಗಳಲ್ಲಿ ಇಂದು ಫಾಮೊಟಿಡಿನ್ ಬಳಕೆಯಲ್ಲಿದೆ. ಇವು ಹೊಟ್ಟೆಯನ್ನು ಕೆಡಿಸುವುದು ಕಡಮೆ. ಆದರೆ ದಿನವೂ ತೆಗೆದುಕೊಳ್ಳುತ್ತಿದ್ದರೆ ಪರಿಣಾಮ ಮಂದವಾಗುತ್ತದೆ.

ಮೂರನೆಯ ಬಗೆಯೇ ಇಂದು ಮನೆಮನೆಯಲ್ಲಿ ಕಾಣುವಂಥದು. ಮಾತ್ರೆಯ ಹಾಳೆಯ ಹಿಂಬದಿಯನ್ನು ಓದಿ ನೋಡಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಂದು ಹೆಸರಿನ ಕೊನೆಯಲ್ಲಿ 'ಪ್ರಜೋಲ್' ಎಂದಿದ್ದರೆ ಅದು ಈ ಜಾತಿಯದು. ೧೯೮೮ರಲ್ಲಿ ಒಮೆಪ್ರಜೋಲಿನೊಡನೆ ಬಳಕೆಗೆ ಬಂದ ಇವು ಜಠರದ ಕಣಗಳಲ್ಲಿ ಆಮ್ಲವನ್ನು ಹೊರದೂಡುವ 'ಪಂಪು'ಗಳನ್ನೇ ನಿಲ್ಲಿಸುತ್ತವೆ. ಪಂಪುಗಳು ಊಟದೊಡನೆ ಚುರುಕಾಗುವುದರಿಂದ, ಬೆಳಗಿನ ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಬೇಕು. ತಿಂಡಿಯಾದ ಮೇಲೆ ನುಂಗಿ, ಗುಣ ಕಾಣಲಿಲ್ಲವೆಂದು ಪ್ರಮಾಣ ಹೆಚ್ಚಿಸಿಕೊಂಡರೆ ತೊಂದರೆಗಳೂ ಹೆಚ್ಚಬಹುದು. ಅದೇ ಹಾಳೆಯ ಮೇಲೆ ಡೊಂಪೆರಿಡೋನ್ ಎಂಬ ಎರಡನೆಯ ಹೆಸರಿದೆಯೇ ಎಂಬುದನ್ನೂ ನೋಡಿ. ಅದು ವಾಂತಿಗೆ ಕೆಲವು ದಿನ ಕೊಡುವ ಔಷಧ. ಹೃದ್ರೋಗವಿರುವವರು ಅದನ್ನು ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ತಿಳಿಸಲೇಬೇಕು.

ಪ್ರಜೋಲ್ ಮಾತ್ರೆಗಳಿಂದ ಕೆಲವರಿಗೆ ತಲೆನೋವು, ಹೊಟ್ಟೆನೋವು, ವಾಯು, ಭೇದಿ ಅಥವಾ ಮಲಬದ್ಧತೆ ಆಗುವುದುಂಟು. ಸಾಮಾನ್ಯವಾಗಿ ಇವು ಸೌಮ್ಯವಾಗಿದ್ದು ತಾವಾಗಿಯೇ ಇಳಿಯುತ್ತವೆ. ಇಳಿಯದಿದ್ದರೆ ವೈದ್ಯರಿಗೆ ಹೇಳಿ. ಪ್ರಮಾಣ ತಗ್ಗಿಸುವುದರಿಂದಲೋ ಅದೇ ವಂಶದ ಬೇರೊಂದು ಮಾತ್ರೆಯಿಂದಲೋ ಸರಿಹೋಗಬಹುದು. ಅಲ್ಲಿಯವರೆಗೆ ಅಡುಗೆಮನೆಯಲ್ಲೇ ಮಾಡಬಹುದಾದ್ದು ಬಹಳವಿದೆ. ಉಬ್ಬರವಿದ್ದಾಗ ಅವರೆಕಾಳು, ಕಡಲೆ, ಎಲೆಕೋಸುಗಳನ್ನೂ ಗೋಲಿಸೋಡದಂಥ ಪಾನೀಯಗಳನ್ನೂ ಕೆಲವು ದಿನ ದೂರವಿಡಿ. ಮಲಬದ್ಧತೆಗೆ ಸೊಪ್ಪು, ತರಕಾರಿ, ಹಣ್ಣು, ರಾಗಿ, ಸಾಕಷ್ಟು ನೀರು ಮತ್ತು ಒಂದಿಷ್ಟು ನಡಿಗೆ. ಭೇದಿಯಾದರೆ ಉಪ್ಪು ಬೆರೆಸಿದ ಗಂಜಿ, ನೀರುಮಜ್ಜಿಗೆ, ಔಷಧದಂಗಡಿಯಲ್ಲಿ ದೊರೆಯುವ ಓ. ಆರ್. ಎಸ್. ಪುಡಿಯ ನೀರು.

ಆದರೆ ಎಲ್ಲ ಭೇದಿಯೂ ಒಂದೇ ಅಲ್ಲ. ಆಮ್ಲದ ಕಾವಲು ಸಡಿಲವಾದಾಗ ಕರುಳಿಗೆ ಸೋಂಕು ತಗಲುವ ಸಂಭವ ಸ್ವಲ್ಪ ಹೆಚ್ಚು. ಪ್ರಜೋಲ್ ಮಾತ್ರೆ ತಿನ್ನುವವರಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ರೋಗಾಣುವಿನ ಭೇದಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೨ರಲ್ಲಿ ಎಚ್ಚರಿಕೆ ಕೊಟ್ಟಿತು. ನೀರಾದ ಭೇದಿ ಎರಡು ಮೂರು ದಿನಕ್ಕೂ ನಿಲ್ಲದಿದ್ದರೆ, ಜ್ವರವೋ ರಕ್ತವೋ ಕಂಡರೆ, ಭೇದಿ ಕಟ್ಟುವ ಮಾತ್ರೆಯನ್ನು ನೀವೇ ನುಂಗದೆ ವೈದ್ಯರನ್ನು ಕಾಣಿರಿ. ನೀವು ತಿನ್ನುತ್ತಿರುವ ಮಾತ್ರೆಯ ಹೆಸರನ್ನು ಅವರಿಗೆ ತಪ್ಪದೆ ಹೇಳಿ.

ವರ್ಷಗಟ್ಟಲೆ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಆಹಾರದಲ್ಲಿನ ಬಿ-೧೨ ಜೀವಸತ್ವ ಬಿಡುಗಡೆಯಾಗಲು ಆಮ್ಲ ಬೇಕು. ಹಾಲು ಮೊಸರುಗಳ ಹೊರತು ಸಸ್ಯಾಹಾರದಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಸಸ್ಯಾಹಾರಿಗಳೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರೂ ಕೈಕಾಲು ಜೋಮು, ಆಯಾಸ ಕಂಡರೆ ರಕ್ತಪರೀಕ್ಷೆಯ ವಿಚಾರ ಕೇಳುವುದು ಒಳ್ಳೆಯದು.

ಹಾಗಾದರೆ ಮಾತ್ರೆಯನ್ನು ಬಿಟ್ಟೇಬಿಡಬಹುದಲ್ಲ ಎನ್ನುವಿರಾ? ಇಲ್ಲಿಯೇ ಅನೇಕರು ಮುಗ್ಗರಿಸುವುದು. ಆಮ್ಲ ತಗ್ಗಿದಾಗ ದೇಹ ಅದನ್ನು ಹೆಚ್ಚಿಸಲು ಗ್ಯಾಸ್ಟ್ರಿನ್ ಎಂಬ ಚೋದಕರಸವನ್ನು ಹೆಚ್ಚು ಹೆಚ್ಚಾಗಿ ಹೊರಡಿಸುತ್ತಿರುತ್ತದೆ. ಮಾತ್ರೆ ಥಟ್ಟನೆ ನಿಂತರೆ ಕೆಲವು ವಾರಗಳ ಕಾಲ ಆಮ್ಲ ಉಕ್ಕಿಬರಬಹುದು. ೨೦೦೯ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಎದೆಯುರಿಯೇ ಇಲ್ಲದ ೧೨೦ ಮಂದಿ ಆರೋಗ್ಯವಂತರಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಈ ಜಾತಿಯ ಮಾತ್ರೆಯನ್ನೂ, ಅನಂತರ ನಾಲ್ಕು ವಾರ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ಉಳಿದವರಿಗೆ ಮೊದಲಿನಿಂದಲೂ ಹುಸಿಮಾತ್ರೆಯೇ. ಕೊನೆಯ ನಾಲ್ಕು ವಾರಗಳಲ್ಲಿ ಮಾತ್ರೆ ಬಿಟ್ಟವರ ಪೈಕಿ ನೂರಕ್ಕೆ ೪೪ ಮಂದಿಗೆ ಉರಿ, ಹುಳಿತೇಗು, ಅಜೀರ್ಣಗಳು ಕಾಣಿಸಿದವು. ಉಳಿದವರಲ್ಲಿ ನೂರಕ್ಕೆ ೧೫ ಮಂದಿಗೆ ಮಾತ್ರ. ಬಿಟ್ಟೊಡನೆ ಬಂದ ಉರಿಯನ್ನು ಕಂಡು "ಇನ್ನು ಜನ್ಮವಿಡೀ ಈ ಮಾತ್ರೆಯೇ ಗತಿ" ಎಂದು ನಿರ್ಧರಿಸಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ ತೆಗೆದುಕೊಂಡು, ನಡುವೆ ಉರಿ ಬಂದಾಗ ಆಂಟಾಸಿಡ್ಡಿನ ಸಹಾಯ ಪಡೆದರೆ ಈ ಕೆಲವು ವಾರಗಳನ್ನು ದಾಟಬಹುದು.

ಮಾತ್ರೆಯನ್ನು ಇಳಿಸುವ ಕಾಲದಲ್ಲಿ ದಿನಚರಿಯೂ ಜೊತೆಗೂಡಬೇಕು. ರಾತ್ರಿಯ ಊಟ ಮಿತವಾಗಿರಲಿ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆಯ ಬಿಡುವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡುಗಳನ್ನಿಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಿ. ತಲೆದಿಂಬು ಹೆಚ್ಚಿಸಿದರೆ ಕತ್ತು ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ. ಎಡಮಗ್ಗುಲಾಗಿ ಮಲಗುವುದು ಮೇಲು. ಮೈತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದೇ ದೊಡ್ಡ ಔಷಧ.

ಮಾತ್ರೆಯನ್ನು ಬಿಡಬಾರದವರೂ ಇದ್ದಾರೆ. ಹೃದಯಕ್ಕಾಗಿ ಆಸ್ಪಿರಿನ್ ಮುಂತಾದವನ್ನು ತಿನ್ನುವವರಿಗೆ, ಹಿಂದೆ ಹುಣ್ಣಿನಿಂದ ರಕ್ತಸ್ರಾವವಾದವರಿಗೆ, ಅನ್ನನಾಳ ತೀವ್ರವಾಗಿ ಕೆಟ್ಟವರಿಗೆ ಅದು ರಕ್ಷೆಯೆಂದೇ ಕೊಟ್ಟಿರುತ್ತಾರೆ. ಅಂಥವರು ತಾವಾಗಿ ನಿಲ್ಲಿಸಕೂಡದು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಟಾರಿನಂತೆ ಕಪ್ಪಾದ ಮಲ, ರಕ್ತವಾಂತಿ ಇವು ಯಾರಿಗೆ ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎದೆನೋವಿನೊಡನೆ ಬೆವರು, ಏದುಸಿರು, ತೋಳಿಗೆ ಹರಡುವ ನೋವು ಇದ್ದರೆ ಅದನ್ನು 'ಗ್ಯಾಸು' ಎಂದು ಕಡೆಗಣಿಸದೆ ಕೂಡಲೇ ಆಸ್ಪತ್ರೆ ಸೇರಿರಿ.

ಮುಂದಿನ ಸಲ ವೈದ್ಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಡಿ: ಈ ಮಾತ್ರೆ ಏತಕ್ಕೆ, ಎಷ್ಟು ದಿನ, ನಿಲ್ಲಿಸುವುದು ಹೇಗೆ? ಉತ್ತರಗಳನ್ನು ಚೀಟಿಯ ಹಿಂದೆಯೇ ಬರೆದಿಟ್ಟುಕೊಳ್ಳಿ.