ಪದವೇ ಕೀಲಿಕೈ: ಮಾತಿನಿಂದ ನಡೆಯುವ ಗಣಕಯಂತ್ರದ ಆಟ

ವಸ್ತುವಿನ ಹೆಸರನ್ನು ಮರೆಮಾಡಿ, ಅದರ ಗುಣಗಳನ್ನಷ್ಟೇ ಹೇಳಿ, ಹೆಸರನ್ನು ಕೇಳುವವರ ಬುದ್ಧಿಗೆ ಬಿಡುವುದು ಒಗಟಿನ ಲಕ್ಷಣ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಮಕ್ಕಳ ಭಾಷಾಜ್ಞಾನವನ್ನು ಬೆಳೆಸಿದ್ದರಲ್ಲಿ ಈ ವಿನೋದದ ಪಾಲು ದೊಡ್ಡದು. ಶರಣರ ಬೆಡಗಿನ ವಚನಗಳು ಇದೇ ಮಾರ್ಗವನ್ನು ಅನುಭಾವದ ಎತ್ತರಕ್ಕೆ ಒಯ್ದವು. ಸರಿಯಾದ ಪದ ದೊರೆತೊಡನೆ ಮುಚ್ಚಿದ ಕದ ತೆರೆಯುವುದೆಂಬ ಈ ತತ್ತ್ವವೇ ಗಣಕಯಂತ್ರದ ಒಂದು ವರ್ಗದ ಆಟಗಳಿಗೂ ಆಧಾರವಾಗಿದೆ. ಕೀಲಿಮಣೆಯಲ್ಲಿ ಪದಗಳನ್ನು ಬೆರಳಚ್ಚಿಸುವುದೊಂದೇ ಇಲ್ಲಿ ಆಡುವವನ ಕೈಲಿರುವ ಸಾಧನ.

ಈ ಆಟಗಳ ಉಗಮ ಒಂದು ಗುಹೆಯಲ್ಲಿದೆ ಎಂಬುದು, ಸಿದ್ದರಬೆಟ್ಟದ ಗುಹೆಯನ್ನೂ ಅಲ್ಲಿಯ ನೀರಿನ ಸೆಲೆಯನ್ನೂ ಬಲ್ಲವರಿಗೆ ಸ್ವಾರಸ್ಯದ ಸಂಗತಿ. ಅಮೆರಿಕದ ವಿಲ್ ಕ್ರೌಥರ್ ವೃತ್ತಿಯಿಂದ ಗಣಕತಜ್ಞ, ಹವ್ಯಾಸದಿಂದ ಗುಹಾನ್ವೇಷಕ. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗಳನ್ನು ಸ್ವತಃ ಹೊಕ್ಕು ನಕ್ಷೆ ಮಾಡಿದ್ದ ಆತ, ತನ್ನ ಹೆಣ್ಣುಮಕ್ಕಳ ವಿನೋದಕ್ಕೆಂದು 1976ರ ಸುಮಾರಿಗೆ ‘ಕೊಲೋಸಲ್ ಕೇವ್ ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ. ಅದರಲ್ಲಿ ಚಿತ್ರಗಳಿರಲಿಲ್ಲ. ಯಂತ್ರ ಸ್ಥಳವನ್ನು ಮಾತಿನಲ್ಲಿ ವರ್ಣಿಸುತ್ತಿತ್ತು. ಆಡುವವನು ‘ದೀಪ ತೆಗೆದುಕೋ’ ಎಂಬಂಥ ಒಂದೆರಡು ಪದಗಳ ಅಪ್ಪಣೆ ಕೊಡುತ್ತಿದ್ದ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ವಿಸ್ತರಿಸಿದ. ಅದೇ ವರ್ಷ ಎಂ.ಐ.ಟಿ.ಯಲ್ಲಿ ಆರಂಭವಾದ ‘ಜೋರ್ಕ್’ ಪೂರ್ಣ ವಾಕ್ಯಗಳನ್ನೂ ಅರಿಯುವಷ್ಟು ಮುಂದುವರಿಯಿತು.

ಈ ಪರಂಪರೆ ಬತ್ತಿಲ್ಲ. ಪಾಲ್ ಹಾರ್ಟ್ ಮತ್ತು ಲೀ ವಿಲಿಯಮ್ಸ್ ರೂಪಿಸಿ 2024ರಲ್ಲಿ ಪ್ರಕಟವಾದ ‘ಕ್ರಿಪ್ಟ್‌ಮಾಸ್ಟರ್’ ಒಂದು ವಿಶಿಷ್ಟ ಪ್ರಯೋಗ. ಸತ್ತು ಮತ್ತೆ ಎದ್ದ ನಾಲ್ವರು ವೀರರು ತಮ್ಮ ವಿದ್ಯೆಗಳನ್ನು ಮರೆತಿದ್ದಾರೆ. ಮುಚ್ಚಿದ ಪೆಟ್ಟಿಗೆಯೊಳಗೇನಿದೆ ಎಂದು ಆಡುವವನು ಊಹಿಸಬೇಕು. ಮೂಸಿ ನೋಡೆಂದರೆ ವಾಸನೆಯ ಸುಳಿವು, ಮುಟ್ಟಿ ನೋಡೆಂದರೆ ಸ್ಪರ್ಶದ ಸುಳಿವು ಸಿಗುತ್ತದೆ. ಹೆಸರು ಸರಿಯಾದರೆ ಅದರ ಅಕ್ಷರಗಳು ವೀರರ ಮರೆತ ಪದಗಳ ಖಾಲಿ ಮನೆಗಳನ್ನು ತುಂಬುತ್ತವೆ. ಇದು ಒಗಟೇ ಅಲ್ಲದೆ ಮತ್ತೇನೂ ಅಲ್ಲ.

ಇಂಥ ಆಟವನ್ನು ಕನ್ನಡಕ್ಕೆ ಅಳವಡಿಸಹೊರಟರೆ ಭಾಷೆಯ ಸ್ವರೂಪವೇ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಮೊದಲನೆಯದು ಅಕ್ಷರದ ಪ್ರಶ್ನೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಸಂಕೇತಕ್ರಮದಲ್ಲಿ ಅದು ಆರು ಘಟಕಗಳು. ಖಾಲಿ ಮನೆಗೆ ತುಂಬಬೇಕಾದುದು ಯಾವುದು? ಪತ್ರಿಕೆಗಳ ಪದಬಂಧ ಇದಕ್ಕೆ ಉತ್ತರ ಕೊಟ್ಟಿದೆ: ಕಾಗುಣಿತ, ಒತ್ತುಗಳೊಡನೆ ಒಂದು ಮನೆಗೆ ಒಂದು ಅಕ್ಷರ. ಎರಡನೆಯದು ವಾಕ್ಯಕ್ರಮ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ‘ಬಾಗಿಲು ತೆರೆ’ ಎನ್ನುವ ಕನ್ನಡದಲ್ಲಿ ಅದು ಕೊನೆಗೆ. ಮೂರನೆಯದು ವಿಭಕ್ತಿ ಮತ್ತು ಸಂಧಿ. ಕ್ರೌಥರನ ಪರಂಪರೆಯ ಆ ಮೊದಲ ಆಟ ಪ್ರತಿ ಪದದ ಮೊದಲ ಐದು ಅಕ್ಷರಗಳನ್ನಷ್ಟೇ ನೋಡಿ ತೃಪ್ತವಾಗುತ್ತಿತ್ತು. ಆದರೆ ಬಾಗಿಲನ್ನು, ಬಾಗಿಲಿಗೆ, ಬಾಗಿಲಿನಿಂದ ಎಂಬ ರೂಪಗಳೆಲ್ಲ ಒಂದೇ ಪದದವೆಂದೂ, ‘ಮಳೆಗಾಲ’ದಲ್ಲಿ ‘ಕಾಲ’ ಅಡಗಿದೆಯೆಂದೂ ಅರಿಯಲು ಯಂತ್ರಕ್ಕೆ ವ್ಯಾಕರಣವನ್ನೇ ಕಲಿಸಬೇಕಾಗುತ್ತದೆ. ಬೆರಳಚ್ಚಿನ ತೊಡಕು ಮಾತ್ರ ಬಹಳ ಮಟ್ಟಿಗೆ ನಿವಾರಣೆಯಾಗಿದೆ, ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿಯನುಸಾರಿ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿದೆ.

ಇವೆಲ್ಲಕ್ಕಿಂತ ಗಂಭೀರವಾದುದು ಶಬ್ದಭಂಡಾರದ ಪ್ರಶ್ನೆ. ಇಂಥ ಆಟ ತನ್ನ ಪಟ್ಟಿಯಲ್ಲಿರುವ ಪದಗಳನ್ನು ಮಾತ್ರ ಬಲ್ಲದು. ಪಟ್ಟಿಯಲ್ಲಿಲ್ಲದ ಪದ ಅದರ ಪಾಲಿಗೆ ಪದವೇ ಅಲ್ಲ. ‘ಬಾಗಿಲು’ ಇದ್ದು ‘ಕದ’ ಇಲ್ಲದಿದ್ದರೆ, ಕದ ಎಂದು ಬರೆದ ಮಗು ತನ್ನ ಮನೆಯ ಮಾತೇ ತಪ್ಪೆಂದು ತಿಳಿದೀತು. ಸಿದ್ದರಬೆಟ್ಟ ಗಿಡಮೂಲಿಕೆಗಳಿಗೆ ಪ್ರಸಿದ್ಧವಾದುದು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ರೈತರ ಬಾಯಲ್ಲಿರುವ ಸೊಪ್ಪು, ಕಾಳು, ಉಪಕರಣಗಳ ಹೆಸರುಗಳಲ್ಲಿ ಎಷ್ಟೋ ಪದಗಳು ಹಿರಿಯರೊಡನೆಯೇ ಮರೆಯಾಗುತ್ತಿವೆ. ಇವನ್ನು ಮಕ್ಕಳಿಂದಲೇ ಸಂಗ್ರಹಿಸಿ, ಗುಣಲಕ್ಷಣಗಳೊಡನೆ ಬರೆಯಿಸಿಡುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಅದಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ ಮತ್ತು ಅಧ್ಯಾಪಕರ ಆಸ್ಥೆ. ಆ ಪಟ್ಟಿ ಸಿದ್ಧವಾದರೆ, ಗಣಕವಿದ್ಯೆಯಲ್ಲಿ ನುರಿತ ಹಳೆಯ ವಿದ್ಯಾರ್ಥಿಗಳು ಅದನ್ನು ಆಟವಾಗಿಸಬಲ್ಲರು. ದಾನಿಗಳ ನೆರವು ಅದಕ್ಕೆ ಯಂತ್ರಗಳನ್ನು ಒದಗಿಸೀತು. ಆದರೆ ಪದಗಳನ್ನು ಒದಗಿಸಬೇಕಾದವರು ಮನೆಯ ಹಿರಿಯರೇ. ಅವರನ್ನು ಕೇಳುವ ಕಾಲ ಮಿಂಚಿಹೋಗದಿರಲಿ.