ಮನೆ ಹುಡುಕುವ ಮುಂಚೆ ಇಳಿಯುವ ಜಾಗ ಹುಡುಕೋಣ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕಾಗಿದೆ: ಹೈದರಾಬಾದಿನಲ್ಲಿ ಕಿರಾಯಿ ಮನೆ ಹುಡುಕಿ ನೋಡು!

ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಹೈದರಾಬಾದ್ ಹೊಸ ಊರಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ದವಾಖಾನೆಗೆ, ಕೂಲಿಗೆ, ಮದುವೆ ಜವಳಿಗೆ ಅಲ್ಲಿಗೆ ಹೋಗಿ ಬರುವುದು ನಮಗೆ ರೂಢಿ. ಆದರೆ ಹೋಗಿ ಬರುವುದು ಬೇರೆ, ಅಲ್ಲಿ ಮನೆ ಮಾಡುವುದು ಬೇರೆ. ಇಂದು ನಮ್ಮ ಹೆಣ್ಣುಮಕ್ಕಳು ಡಿಗ್ರಿ ಮುಗಿಸಿ, ನರ್ಸಿಂಗ್ ಕಲಿತು ಅಲ್ಲಿ ಕೆಲಸ ಹಿಡಿಯುತ್ತಿದ್ದಾರೆ. ಮನೆ ಹುಡುಕಿ ಕೊಡಲು ಜೊತೆಗೆ ಹೋಗುವವಳು ತಾಯಿ. ಅವಳ ಸೆರಗಿನ ಗಂಟಿನಲ್ಲಿ ಇರುವುದು ಸಂಘದ ಸಾಲದ ರೊಕ್ಕ. ಆ ರೊಕ್ಕ ಹೇಗೆ ಉಳಿಯುತ್ತದೆ, ಹೇಗೆ ಕರಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಬ್ಬ ಅಕ್ಕ ಕಲಿತ ಪಾಠ

ನಮ್ಮ ಭಾಗದ ಒಂದು ಸಂಘದ ಅಕ್ಕ ಸಭೆಯಲ್ಲಿ ಹೇಳಿದ ಮಾತು ಇದು. ಅವರ ಮಗಳಿಗೆ ಹೈಟೆಕ್ ಸಿಟಿ ಕಡೆ ಕೆಲಸ ಸಿಕ್ಕಿತು. ಸಂಘದಿಂದ 25,000 ರೂಪಾಯಿ ಸಾಲ ಪಡೆದು ತಾಯಿ ಮಗಳು ಹೊರಟರು. ಬಸ್ಸು ಕೊನೆಗೆ ನಿಂತದ್ದು ಇಮ್ಲಿಬನ್ ನಿಲ್ದಾಣದಲ್ಲಿ. ಅಲ್ಲೇ ಹತ್ತಿರ ಕಡಿಮೆ ಕಿರಾಯಿಯ ಲಾಡ್ಜು ಹಿಡಿದರು. ದಿನಾ ಬೆಳಿಗ್ಗೆ ಹೊರಟು ಊರಿನ ಆ ತುದಿಗೆ ಹೋಗುವುದು, ಎರಡು ಮೂರು ಮನೆ ನೋಡುವಷ್ಟರಲ್ಲಿ ಸಂಜೆ, ಮತ್ತೆ ಗದ್ದಲದಲ್ಲಿ ವಾಪಸು. ಐದು ದಿನ ಹೀಗೇ ಹೋಯಿತು. ಆರನೇ ದಿನ ಕಾಲು ಸೋತಿತ್ತು, ರೊಕ್ಕವೂ ಇಳಿದಿತ್ತು. ‘ಇವತ್ತು ಏನಾದರೂ ಆಗಲಿ, ಮುಗಿಸಿಬಿಡೋಣ’ ಎಂದು ದಲ್ಲಾಳಿ ತೋರಿಸಿದ ಒಂದು ಖೋಲಿಗೆ, ಕತ್ತಲಾದ ಮೇಲೆ ನೋಡಿ, ಅಡ್ವಾನ್ಸ್ ಕೊಟ್ಟರು. ರಸೀದಿ ಕೇಳಲಿಲ್ಲ. ಬೆಳಗಾದ ಮೇಲೆ ಗೊತ್ತಾಯಿತು: ನಳದಲ್ಲಿ ನೀರಿಲ್ಲ, ಮಗಳ ಆಫೀಸಿಗೆ ಎರಡು ಬಸ್ಸು ಬದಲಿಸಬೇಕು. ಕೊಟ್ಟ ಅಡ್ವಾನ್ಸ್ ಮರಳಿ ಬರಲಿಲ್ಲ.

‘ನಾನು ಮನೆ ಆರಿಸುವಾಗ ತಪ್ಪಲಿಲ್ಲ ಬಾಯಿ, ಲಾಡ್ಜು ಆರಿಸುವಾಗಲೇ ತಪ್ಪಿದೆ’ ಎಂದು ಆ ಅಕ್ಕ ಹೇಳಿದರು. ನಾವು ಎಲ್ಲಿ ಇಳಿದುಕೊಳ್ಳುತ್ತೇವೆ ಎಂಬುದೇ ನಮಗೆ ಎಷ್ಟು ಮನೆ ನೋಡಲು ಆಗುತ್ತದೆ, ಯಾವ ಹೊತ್ತಿಗೆ ನೋಡಲು ಆಗುತ್ತದೆ, ಎಷ್ಟು ಅವಸರ ಮಾಡುತ್ತೇವೆ ಎಂಬುದನ್ನು ನಿರ್ಧರಿಸುತ್ತದೆ.

ಹಳೆಯ ಹೈದರಾಬಾದ್, ಈಗಿನ ಹೈದರಾಬಾದ್

ನಮ್ಮ ಅಪ್ಪ ಅಜ್ಜಂದಿರ ಕಾಲದಲ್ಲಿ ಹೈದರಾಬಾದ್ ಎಂದರೆ ಚಾರ್‌ಮಿನಾರ್, ಅಫ್ಜಲ್‌ಗಂಜ್, ನಾಂಪಲ್ಲಿ. ಎಲ್ಲಿ ಇಳಿದರೂ ನಡೆದು ಹೋಗಬಹುದಿತ್ತು. ಈಗ ಹಾಗಿಲ್ಲ. 2007ರಲ್ಲಿ ಸುತ್ತಲಿನ 12 ಪುರಸಭೆಗಳನ್ನು ಸೇರಿಸಿ ದೊಡ್ಡ ಮಹಾನಗರ ಪಾಲಿಕೆ ಮಾಡಿದರು. ಊರಿನ ಸುತ್ತ ಹಾಕಿರುವ ಹೊರ ವರ್ತುಲ ರಸ್ತೆಯ ಉದ್ದವೇ 158 ಕಿಲೋಮೀಟರ್. ಹುಮನಾಬಾದಿನಿಂದ ಹೈದರಾಬಾದಿಗೆ ಹೋದಷ್ಟೇ ದೂರ ಅದರ ಒಂದು ಸುತ್ತು! ಅದಕ್ಕೇ ‘ಹೈದರಾಬಾದಿನಲ್ಲಿ ಲಾಡ್ಜು ಸಿಕ್ಕಿತು’ ಎಂದರೆ ಸಾಲದು. ಹೈದರಾಬಾದಿನ ಯಾವ ಮೂಲೆಯಲ್ಲಿ ಎಂದು ಕೇಳಬೇಕು.

ನಮ್ಮ ಬಸ್ಸು ಹೋಗುವ ದಾರಿ ನೆನಪಿಸಿಕೊಳ್ಳೋಣ. ಸಸ್ತಾಪುರ ಬಂಗ್ಲಾ, ಹುಮನಾಬಾದ್, ಜಹೀರಾಬಾದ್, ಸದಾಶಿವಪೇಟ, ಸಂಗಾರೆಡ್ಡಿ ಕ್ರಾಸ್, ಆಮೇಲೆ ಪಟಾನ್‌ಚೆರು, ರಾಮಚಂದ್ರಾಪುರಂ, ಮಿಯಾಪುರ, ಕೂಕಟ್‌ಪಲ್ಲಿ, ಅಮೀರ್‌ಪೇಟೆ ಕಡೆಯಿಂದ ಇಮ್ಲಿಬನ್. ಅಂದರೆ ಕಾರ್ಖಾನೆಗಳಿರುವ ಪಟಾನ್‌ಚೆರು ಮತ್ತು ಹೈಟೆಕ್ ಸಿಟಿಗೆ ಹತ್ತಿರವಾದ ಮಿಯಾಪುರ, ಕೂಕಟ್‌ಪಲ್ಲಿ ನಮಗೆ ಮೊದಲೇ ಸಿಗುತ್ತವೆ. ನಾವು ಅವನ್ನು ದಾಟಿ, ಕೊನೆಯ ನಿಲ್ದಾಣದವರೆಗೆ ಹೋಗಿ, ಮರುದಿನ ಅದೇ ದಾರಿಯಲ್ಲಿ ಹಿಂದೆ ಬರುತ್ತೇವೆ! ಬಸ್ಸು ಹತ್ತುವಾಗಲೇ ಕಂಡಕ್ಟರ್ ಅಣ್ಣನಿಗೆ ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿಕೊಂಡರೆ ಈ ತಿರುಗಾಟ ತಪ್ಪುತ್ತದೆ.

ಇಳಿಯುವ ಜಾಗ ಆರಿಸುವುದು ಹೇಗೆ?

1. ಮೊದಲು ಕೆಲಸದ ಜಾಗ, ಆಮೇಲೆ ಲಾಡ್ಜು. ಕೆಲಸ ಎಲ್ಲಿ ಎಂದು ಸರಿಯಾದ ವಿಳಾಸ ಬರೆದುಕೊಳ್ರಿ. ಕೆಲಸ ಪಟಾನ್‌ಚೆರು ಕಾರ್ಖಾನೆಯಲ್ಲಿ ಇದ್ದರೆ ಅಲ್ಲೇ ಅಥವಾ ರಾಮಚಂದ್ರಾಪುರದಲ್ಲಿ ಇಳಿಯುವುದು ಲೇಸು. ಹೈಟೆಕ್ ಸಿಟಿ, ಮಾದಾಪುರ ಕಡೆ ಇದ್ದರೆ ಮಿಯಾಪುರ, ಕೂಕಟ್‌ಪಲ್ಲಿ ಅಥವಾ ಅಮೀರ್‌ಪೇಟೆ ಅನುಕೂಲ.

2. ನೇರ ದಾರಿ ಇರಬೇಕು. 2017ರ ನವೆಂಬರಿನಲ್ಲಿ ಹೈದರಾಬಾದ್ ಮೆಟ್ರೋ ರೈಲು ಶುರುವಾಯಿತು. ಕೆಂಪು ಮಾರ್ಗ ಮಿಯಾಪುರದಿಂದ ಕೂಕಟ್‌ಪಲ್ಲಿ, ಅಮೀರ್‌ಪೇಟೆ, ಇಮ್ಲಿಬನ್ ಮೇಲೆ ಎಲ್.ಬಿ. ನಗರಕ್ಕೆ ಹೋಗುತ್ತದೆ. ನೀಲಿ ಮಾರ್ಗ ನಾಗೋಲ್‌ನಿಂದ ಅಮೀರ್‌ಪೇಟೆ, ಹೈಟೆಕ್ ಸಿಟಿ ಮೇಲೆ ರಾಯದುರ್ಗಂಗೆ ಹೋಗುತ್ತದೆ. ಎರಡೂ ಕೂಡುವುದು ಅಮೀರ್‌ಪೇಟೆಯಲ್ಲಿ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇಳಿದುಕೊಂಡರೆ ಆಟೋದ ಖರ್ಚು ಉಳಿಯುತ್ತದೆ.

3. ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. 2023ರ ಜೂನ್ 11ರಂದು ಆರಂಭವಾದ ನಮ್ಮ ಶಕ್ತಿ ಯೋಜನೆ ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ತೆಲಂಗಾಣದಲ್ಲಿ ಅದೇ ವರ್ಷ ಡಿಸೆಂಬರ್ 9ರಂದು ಆರಂಭವಾದ ಮಹಾಲಕ್ಷ್ಮಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ಮಹಿಳೆಯರಿಗೆ ಮಾತ್ರ. ನಮ್ಮ ಕರ್ನಾಟಕದ ಆಧಾರ್ ತೋರಿಸಿದರೆ ಟಿಕೆಟ್ ಕೊಳ್ಳಲೇಬೇಕು.

4. ಪೂರ್ತಿ ಲೆಕ್ಕ ಮಾಡಿರಿ. ಒಂದು ಉದಾಹರಣೆ ನೋಡೋಣ. ದೂರದ ಲಾಡ್ಜು ದಿನಕ್ಕೆ 700 ರೂಪಾಯಿ, ಇಬ್ಬರ ಓಡಾಟಕ್ಕೆ ದಿನಕ್ಕೆ 300 ಎಂದು ಇಟ್ಟುಕೊಳ್ಳಿರಿ. ಆರು ದಿನಕ್ಕೆ 6,000 ಆಯಿತು. ಹತ್ತಿರದ ಲಾಡ್ಜು ದಿನಕ್ಕೆ 1,000, ಓಡಾಟಕ್ಕೆ 100. ಹೊತ್ತು ಉಳಿಯುವುದರಿಂದ ನಾಲ್ಕು ದಿನದಲ್ಲಿ ಕೆಲಸ ಮುಗಿದರೆ 4,400. ಕಿರಾಯಿ ಹೆಚ್ಚಿದ್ದ ಲಾಡ್ಜೇ ಕೊನೆಗೆ ಅಗ್ಗವಾಯಿತು!

5. ಒಳಗೆ ಹೋಗುವ ಮುಂಚೆ ನಾಲ್ಕು ಮಾತು ಕೇಳ್ರಿ. ಬಿಟ್ಟು ಹೋಗುವ ಸಮಯ ಬಂದ ಹೊತ್ತಿನಿಂದ 24 ತಾಸೋ ಅಥವಾ ಮಧ್ಯಾಹ್ನ 12 ಗಂಟೆಯೋ? 12 ಗಂಟೆ ಎಂದಿದ್ದರೆ ರಾತ್ರಿ ಇಳಿದವರಿಗೆ ಅರ್ಧ ದಿನ ನಷ್ಟ. ಹೇಳಿದ ಕಿರಾಯಿಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ? ಬಾಗಿಲಿನ ಚಿಲಕ ಒಳಗಿನಿಂದ ಗಟ್ಟಿಯಾಗಿದೆಯೇ? ರಸೀದಿ ಕೊಡುತ್ತಾರೆಯೇ? ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ‘ಲಾಡ್ಜಿಗಾಗಿ ಮಾತ್ರ’ ಎಂದು ತಾರೀಖು ಹಾಕಿ ಬರೆಯಿರಿ.

ಲಾಡ್ಜು ಬೇಡವಾದರೆ?

ಬೀಗರ ಮನೆ, ನೆಂಟರ ಮನೆ ಇದ್ದರೆ ಕಿರಾಯಿ ಉಳಿಯುತ್ತದೆ, ನಿಜ. ಆದರೆ ಅದು ಊರಿನ ಇನ್ನೊಂದು ತುದಿಯಲ್ಲಿದ್ದರೆ ಅದೇ ತಿರುಗಾಟ. ನೆಂಟರಿಗೆ ತೊಂದರೆಯಾಗುತ್ತದೆ ಎಂಬ ಸಂಕೋಚದಿಂದಲೂ ನಾವು ಅವಸರ ಮಾಡುತ್ತೇವೆ.

ಒಂಟಿಯಾಗಿ ಕೆಲಸಕ್ಕೆ ಹೋಗುವ ಮಗಳಿಗೆ ಇನ್ನೊಂದು ಒಳ್ಳೆಯ ದಾರಿ ಇದೆ. ಕೆಲಸದ ಜಾಗದ ಹತ್ತಿರ ಲೇಡೀಸ್ ಹಾಸ್ಟೆಲಿನಲ್ಲಿ ಮೊದಲ ಒಂದು ತಿಂಗಳು ಇರುವುದು. ಅಮೀರ್‌ಪೇಟೆ, ಕೂಕಟ್‌ಪಲ್ಲಿ, ಮಾದಾಪುರಗಳಲ್ಲಿ ಇಂಥ ಹಾಸ್ಟೆಲುಗಳು ಬಹಳ ಇವೆ. ಊಟ ಸೇರಿದೆಯೇ, ರಾತ್ರಿ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಬಿಡುವಾಗ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಮೊದಲೇ ಕೇಳಬೇಕು. ಆ ತಿಂಗಳಲ್ಲಿ ಅವಳಿಗೆ ಬಸ್ಸು, ಓಣಿ, ಸಂತೆ ಎಲ್ಲ ಪರಿಚಯವಾಗುತ್ತವೆ. ಜೊತೆಗೆ ಕೆಲಸ ಮಾಡುವವರು ಒಳ್ಳೆಯ ಮನೆ ಹೇಳುತ್ತಾರೆ. ಆಗ ತಾಯಿ ಹೋದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ.

ಮನೆ ನೋಡುವಾಗ

ಹತ್ತಿರ ಇಳಿದುಕೊಂಡದ್ದರ ಪೂರ್ಣ ಲಾಭ ಸಿಗಬೇಕಾದರೆ ಒಂದೇ ಮನೆಯನ್ನು ಎರಡು ಸಲ ನೋಡಬೇಕು: ಬೆಳಿಗ್ಗೆ ನೀರು ಬರುವ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಮಗಳು ಕೆಲಸ ಮುಗಿಸಿ ನಡೆದು ಬರುವ ದಾರಿಯಲ್ಲಿ ದೀಪ ಇದೆಯೇ ಎಂದು ನೀವೇ ನಡೆದು ನೋಡ್ರಿ. ನಮ್ಮ ಬೀದರ್ ಜಿಲ್ಲೆಯನ್ನು ದಾಟಿ ಹೋಗುವ ಮಾಂಜ್ರಾ ನದಿಯ ನೀರು ಹೈದರಾಬಾದಿಗೂ ಹೋಗುತ್ತದೆ. ‘ಮಂಜೀರಾ ನಳ ಇದೆಯೇ, ಬರೀ ಬೋರ್ ನೀರೇ, ಬೇಸಿಗೆಯಲ್ಲಿ ಟ್ಯಾಂಕರ್ ರೊಕ್ಕ ಯಾರು ಕೊಡಬೇಕು?’ ಎಂದು ಕೇಳ್ರಿ. ಕರೆಂಟ್ ಮೀಟರ್ ಬೇರೆ ಇದೆಯೇ ನೋಡ್ರಿ. ಅಪಾರ್ಟ್‌ಮೆಂಟ್ ಆದರೆ ಕಿರಾಯಿಯ ಮೇಲೆ ತಿಂಗಳ ಮೇಂಟೆನೆನ್ಸ್ ಎಷ್ಟು ಎಂದು ಕೇಳದೆ ಒಪ್ಪಬೇಡಿರಿ.

ಮನೆ ಕಣ್ಣಾರೆ ನೋಡದೆ, ಮಾಲೀಕರನ್ನು ಎದುರಿಗೆ ಕಾಣದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಫೋನಿನಲ್ಲಿ ಚೆಂದದ ಫೋಟೋ ತೋರಿಸಿ, ‘ನಾನು ಸೈನ್ಯದಲ್ಲಿದ್ದೇನೆ, ಬರಲು ಆಗುವುದಿಲ್ಲ, ಮೊದಲು ಅಡ್ವಾನ್ಸ್ ಹಾಕಿ’ ಎಂದು ಮೋಸ ಮಾಡುವವರಿದ್ದಾರೆ. ಹಾಗೆ ರೊಕ್ಕ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡ್ರಿ. ಅಪಾಯದ ಹೊತ್ತಿನಲ್ಲಿ 112, ಮಹಿಳಾ ಸಹಾಯವಾಣಿ 181. ಅಡ್ವಾನ್ಸ್ ಕೊಟ್ಟ ಕೂಡಲೇ ಸಹಿ ಇರುವ ರಸೀದಿ ಪಡೆಯಿರಿ. ಕರಾರು ಪತ್ರದಲ್ಲಿ ಕಿರಾಯಿ, ಅಡ್ವಾನ್ಸ್, ಮನೆ ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು ಎಂಬ ಮೂರೂ ಬರೆದಿರಬೇಕು.

ಸಂಘ ಏನು ಮಾಡಬಹುದು?

ಇಂಥ ಸಾಲವನ್ನು ಒಂದೇ ಸಲ ಪೂರ್ತಿ ಕೊಡದೆ ಎರಡು ಕಂತಿನಲ್ಲಿ ಕೊಡುವುದು ಒಳ್ಳೆಯದು. ಮೊದಲ ಕಂತು ಪ್ರಯಾಣಕ್ಕೆ, ಇಳಿದುಕೊಳ್ಳುವುದಕ್ಕೆ. ಎರಡನೆಯ ಕಂತು ಅಡ್ವಾನ್ಸಿಗೆ. ಮನೆ ನೋಡಿ ಒಪ್ಪಿದ ಮೇಲೆ ಬ್ಯಾಂಕ್ ಖಾತೆಗೆ ಹಾಕುವುದು. ಇದು ಸದಸ್ಯೆಯ ಮೇಲೆ ಅಪನಂಬಿಕೆ ಅಲ್ಲ. ದಣಿದ ಹೊತ್ತಿನಲ್ಲಿ ದಲ್ಲಾಳಿ ಒತ್ತಾಯಿಸಿದಾಗ, ‘ರೊಕ್ಕ ಸಂಘದಲ್ಲಿದೆ, ಅಕ್ಕಂದಿರನ್ನು ಕೇಳಿ ಹೇಳುತ್ತೇನೆ’ ಎನ್ನಲು ಅವಳಿಗೆ ಒಂದು ಆಸರೆ. ಆ ಒಂದು ರಾತ್ರಿ ತಡೆದರೆ ಸಾಕು, ಬೆಳಕಿನಲ್ಲಿ ನಳ ತಿರುಗಿಸಿ ನೋಡಲು ಸಮಯ ಸಿಗುತ್ತದೆ.

ನಾವು ಹೇಳಿದ ಆ ಅಕ್ಕ ಸಾಲದ ಕಂತನ್ನು ಒಂದೂ ತಪ್ಪಿಸದೆ ಕಟ್ಟಿದರು. ಮಗಳು ಒಂದು ತಿಂಗಳು ಹಾಸ್ಟೆಲಿನಲ್ಲಿದ್ದು ಈಗ ಗೆಳತಿಯರ ಜೊತೆ ಆಫೀಸಿನ ಹತ್ತಿರವೇ ಮನೆ ಮಾಡಿದ್ದಾಳೆ. ಆದರೆ ಕಳೆದ ಅಡ್ವಾನ್ಸಿನ ಮೇಲೂ ಅವರು ಬಡ್ಡಿ ಕಟ್ಟಬೇಕಾಯಿತು. ಅವರ ಅನುಭವ ಉಳಿದ ಸಹೋದರಿಯರ ರೊಕ್ಕ ಉಳಿಸಲಿ ಎಂಬುದೇ ನಮ್ಮ ಆಶಯ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಯಾರ ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿದ್ದಾರೆ? ಊರಿನ ಯಾವ ಭಾಗದಲ್ಲಿದ್ದಾರೆ? ಒಂದು ಪಟ್ಟಿ ಮಾಡಿರಿ.
2. ಹೊಸದಾಗಿ ಹೋಗುವವರಿಗೆ ಅವರು ಯಾವ ಸಹಾಯ ಮಾಡಬಹುದು?
3. ಮನೆ ಅಡ್ವಾನ್ಸಿಗಾಗಿ ಕೊಡುವ ಸಾಲವನ್ನು ಎರಡು ಕಂತಿನಲ್ಲಿ ಕೊಡಲು ನಮ್ಮ ಸಂಘ ಠರಾವು ಮಾಡಬಹುದೇ?