ಪ್ರತಿಷ್ಠಿತ ಸಭೆ: ಅಠಾರಾ ಕಚೇರಿಯಿಂದ ಧಾರವಾಡ ಪೀಠದವರೆಗೆ

ಧರ್ಮಶಾಸ್ತ್ರಕಾರರು ನ್ಯಾಯಸಭೆಯ ಲಕ್ಷಣವನ್ನು ಹೇಳುವಾಗ ಅದರ ನೆಲೆಯನ್ನೂ ವಿಚಾರಿಸುತ್ತಾರೆ. ಬೃಹಸ್ಪತಿಯ ಮತದಂತೆ ಸಭೆಯು ನಾಲ್ಕು ಬಗೆಯಾಗಿರುವುದು. ಪುರಗ್ರಾಮಗಳಲ್ಲಿ ನೆಲೆಗೊಂಡುದು ಪ್ರತಿಷ್ಠಿತಾ, ಸಂಚರಿಸುವಂಥದು ಅಪ್ರತಿಷ್ಠಿತಾ, ರಾಜಮುದ್ರೆಯನ್ನು ಪಡೆದ ಅಧ್ಯಕ್ಷನುಳ್ಳದು ಮುದ್ರಿತಾ, ಅರಸನೇ ಕುಳಿತು ನಡೆಯಿಸುವಂಥದು ಶಾಸಿತಾ. ಈ ವಿಭಾಗವು ಬರಿಯ ಗ್ರಂಥಸ್ಥವಾದುದೆಂದು ಭಾವಿಸಲಾಗದು. ಹುಬ್ಬಳ್ಳಿ-ಧಾರವಾಡ ಸೀಮೆಯ ಜನರು ಮೊದಲೆರಡು ಬಗೆಗಳ ಅಂತರವನ್ನು ಇತ್ತೀಚಿನ ಕಾಲದಲ್ಲಿಯೇ ಅನುಭವದಿಂದ ಅರಿತಿದ್ದಾರೆ.

ಸಭೆಗಳ ತಾರತಮ್ಯವೂ ಕನ್ನಡ ನಾಡಿಗೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನಷ್ಟೆ. ಕುಲ, ಶ್ರೇಣಿ, ಪೂಗ, ರಾಜನಿಂದ ನಿಯುಕ್ತರಾದವರು ಎಂಬೀ ನಾಲ್ಕರಲ್ಲಿ ಉತ್ತರೋತ್ತರವು ಬಲವತ್ತರವೆಂದೂ, ಕುಲದವರು ತೀರಿಸಿದ ವ್ಯವಹಾರದಲ್ಲಿ ಅತೃಪ್ತನಾದವನು ಮೇಲಿನ ಸಭೆಗೆ ಹೋಗಬಹುದೆಂದೂ ಅಲ್ಲಿ ನಿರ್ಣಯವಿದೆ. ಇಂದು ಮೇಲ್ಮನವಿ ಎನ್ನುವ ವ್ಯವಸ್ಥೆಯ ಬೀಜವು ಇದರಲ್ಲಿರುವುದು ಸ್ಪಷ್ಟವಾಗಿದೆ.

ಪೇಶವೆಯರ ಪತನಾನಂತರ, 1818ರಲ್ಲಿ, ಧಾರವಾಡ ಪ್ರಾಂತವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಎಲ್ಫಿನ್‌ಸ್ಟನ್ನನ ಕಾಲದ 1827ರ ನಿಬಂಧನೆಗಳಲ್ಲಿ ಗಮನಾರ್ಹವಾದ ಒಂದು ಕ್ರಮವುಂಟು: ಸರಕಾರದ ಕಾಯಿದೆ ಇಲ್ಲದ ವಿಷಯದಲ್ಲಿ ಮೊದಲು ದೇಶಾಚಾರವನ್ನೂ, ಅದೂ ಇಲ್ಲದಿದ್ದರೆ ಪ್ರತಿವಾದಿಯ ಧರ್ಮಶಾಸ್ತ್ರವನ್ನೂ ಅನುಸರಿಸತಕ್ಕದ್ದು. ಶಾಸ್ತ್ರಾರ್ಥವನ್ನು ತಿಳಿಸುವುದಕ್ಕೆ ನ್ಯಾಯಾಸ್ಥಾನಗಳಲ್ಲಿ ಶಾಸ್ತ್ರಿಗಳು ನಿಯುಕ್ತರಾಗಿದ್ದರು. ಮುಂಬಯಿಯಲ್ಲಿ ಉಚ್ಚ ನ್ಯಾಯಾಲಯವು 1862ರಲ್ಲಿ ಸ್ಥಾಪಿತವಾಯಿತು. 1864ರ ಕಾಯಿದೆಯಿಂದ ಶಾಸ್ತ್ರಿಗಳ ಹುದ್ದೆಯೇ ಲುಪ್ತವಾಯಿತು. ಅಲ್ಲಿಂದ ಮುಂದೆ ಮಿತಾಕ್ಷರೆಯು ಪಂಡಿತನ ಬಾಯಿಂದಲ್ಲದೆ ಆಂಗ್ಲ ಭಾಷಾಂತರದ ಮೂಲಕವೇ ನ್ಯಾಯಾಧೀಶನ ಕಿವಿಯನ್ನು ಮುಟ್ಟಿತು.

ಈ ಚರಿತ್ರೆಯ ಗುರುತುಗಳು ನ್ಯಾಯಾಲಯದ ಭಾಷೆಯಲ್ಲಿ ಉಳಿದುಕೊಂಡಿವೆ. ವಾದಿ, ಪ್ರತಿವಾದಿ, ಸಾಕ್ಷಿ ಎಂಬವು ಸ್ಮೃತಿಗಳ ಶಬ್ದಗಳು. ಫಿರ್ಯಾದಿ ಎಂಬುದು ಫಾರಸಿಯ 'ಫರ್ಯಾದ್' ಶಬ್ದದಿಂದ ಬಂದುದು. ಅದರ ಮೂಲಾರ್ಥವು ಮೊರೆ, ಕೂಗು. ಅದಾಲತ್ತು, ವಕೀಲ, ಮುನಸೀಫ ಎಂಬವು ಅರಬ್ಬಿಯಿಂದ ಬಂದವು. ಮುನಸೀಫ ಶಬ್ದವು ಅರ್ಧವೆಂಬ ಅರ್ಥದ 'ನಿಸ್ಫ್' ಶಬ್ದಕ್ಕೆ ಸಂಬಂಧಿಸಿದುದು; ಎರಡು ಪಕ್ಷಗಳಿಗೂ ಸಮನಾಗಿ ಹಂಚುವವನೆಂಬ ಭಾವವು ಅದರಲ್ಲಡಗಿದೆ. ಮೊರೆಯಿಡುವವನ ಹೆಸರು ಒಂದು ನುಡಿಯದು, ಸಾಕ್ಷಿ ಹೇಳುವವನ ಹೆಸರು ಇನ್ನೊಂದರದು. ಆದರೂ ಇವೆಲ್ಲ ಕನ್ನಡಿಗನ ನಾಲಗೆಯಲ್ಲಿ ಕನ್ನಡವೇ ಆಗಿ ನಿಂತಿವೆ.

ಬೆಂಗಳೂರಿನ ಅಠಾರಾ ಕಚೇರಿಯ ಹೆಸರೂ ಇದೇ ಜಾತಿಯದು. ಹಿಂದುಸ್ಥಾನಿಯಲ್ಲಿ 'ಅಠಾರಾ' ಎಂದರೆ ಹದಿನೆಂಟು. ಮನುವು ಹೇಳಿದ ವ್ಯವಹಾರಪದಗಳೂ ಹದಿನೆಂಟೇ ಆದುದರಿಂದ ನ್ಯಾಯಾಲಯಕ್ಕೆ ಈ ಹೆಸರು ಅನ್ವರ್ಥವೆಂದು ಊಹಿಸುವ ಮನಸ್ಸಾಗುವುದು ಸಹಜ. ಆದರೆ ಆ ಊಹೆಯು ನಿಲ್ಲದು. ಇದು ಆಡಳಿತದ ಹದಿನೆಂಟು ಇಲಾಖೆಗಳನ್ನು ಸೂಚಿಸುವ ಹೆಸರು. ಅಂಥ ವಿಭಾಗವನ್ನು ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (1673–1704) ಏರ್ಪಡಿಸಿದರೆಂದು ಪ್ರಸಿದ್ಧಿ. ಹೀಗೆ ಹೆಸರು ಹಳೆಯದು, ಕಟ್ಟಡವು ಈಚಿನದು. ಅದು 1864ರಲ್ಲಿ ಆರಂಭವಾಗಿ 1868ರಲ್ಲಿ ಪೂರ್ಣಗೊಂಡಿತು. ಅದುವರೆಗೆ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಸರಕಾರದ ಕಚೇರಿಗಳು ಈ ಎರಡಂತಸ್ತಿನ ಕೆಂಪು ಸೌಧಕ್ಕೆ ಬಂದವು. ಮೈಸೂರಿನ ಚೀಫ್ ಕೋರ್ಟು 1884ರಲ್ಲಿ ಹುಟ್ಟಿ, 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಎದುರಿಗೆ ವಿಧಾನಸೌಧವು 1956ರಲ್ಲಿ ಸಿದ್ಧವಾದ ಬಳಿಕ ಸಚಿವಾಲಯವು ಅಲ್ಲಿಗೆ ಹೋಯಿತು. ಹದಿನೆಂಟು ಇಲಾಖೆಗಳು ತೊಲಗಿದರೂ ಹೆಸರು ತೊಲಗಲಿಲ್ಲ.

ಅದೇ 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಏಕೀಕರಣದ ಆ ಸಂತೋಷದೊಳಗೆ ಒಂದು ಕೊರತೆಯೂ ಅಡಗಿದ್ದಿತು. ಹುಬ್ಬಳ್ಳಿಯ ಹಳೆಯ ಪೇಟೆಯಾದ ದುರ್ಗದಬೈಲಿನ ಒಬ್ಬ ವರ್ತಕನಿಗೆ ಅಂಗಡಿಯ ಜಾಗದ ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೆ ಬೆಳೆಯಿತೆನ್ನೋಣ. ಅವನು ಸುಮಾರು 400 ಕಿಲೋಮೀಟರು ದೂರದ ಅಠಾರಾ ಕಚೇರಿಗೆ ಹೋಗಬೇಕಿತ್ತು. ಪ್ರಯಾಣ, ವಸತಿ, ವಕೀಲರ ವೆಚ್ಚ, ಅಂಗಡಿ ಮುಚ್ಚಿದ ದಿನಗಳ ನಷ್ಟ, ಇವನ್ನೆಲ್ಲ ಕೂಡಿಸಿ ನೋಡಿದರೆ ಸಣ್ಣ ವ್ಯಾಜ್ಯದಲ್ಲಿ ಗೆದ್ದವನೂ ಸೋತಂತೆಯೇ. ಮೇಲಿನ ಸಭೆಗೆ ಹೋಗುವ ಅಧಿಕಾರವು ಶಾಸ್ತ್ರದಲ್ಲಿದ್ದು ದಾರಿಯಲ್ಲಿ ನಷ್ಟವಾದರೆ ಅದು ಇದ್ದೂ ಇಲ್ಲದಂತೆ. ಉತ್ತರ ಕರ್ನಾಟಕದ ವಕೀಲರು ಬಹುಕಾಲ ನಡೆಸಿದ ಚಳವಳಿಗೆ ಇದೇ ಕಾರಣವಾಗಿತ್ತು.

ಆ ಚಳವಳಿಯು ಎರಡು ಹಂತಗಳಲ್ಲಿ ಫಲಿಸಿತು. ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ 2008ರ ಜುಲೈಯಲ್ಲಿ ಸಂಚಾರಿ ಪೀಠಗಳು ಆರಂಭವಾದವು; 2013ರ ಆಗಸ್ಟಿನಲ್ಲಿ ಅವು ಖಾಯಂ ಪೀಠಗಳಾದವು. ಇವೆರಡರ ಭೇದವು ಹೆಸರಿನದಷ್ಟೇ ಅಲ್ಲ. ರಾಜ್ಯಗಳ ಪುನರ್ವಿಂಗಡಣೆಯ 1956ರ ಕಾಯಿದೆಯ 51ನೆಯ ವಿಧಿಯಂತೆ, ಖಾಯಂ ಪೀಠವು ರಾಷ್ಟ್ರಪತಿಯ ಆಜ್ಞೆಯಿಂದ ಏರ್ಪಡತಕ್ಕದ್ದು. ಮುಖ್ಯ ನ್ಯಾಯಾಧೀಶರು ರಾಜ್ಯಪಾಲರ ಒಪ್ಪಿಗೆಯಿಂದ ಗೊತ್ತುಮಾಡಿದ ಬೇರೆ ಸ್ಥಳಗಳಲ್ಲಿಯೂ ನ್ಯಾಯಾಧೀಶರು ಕುಳಿತುಕೊಳ್ಳಬಹುದು. ಎರಡನೆಯದು ಬೃಹಸ್ಪತಿಯ ಅಪ್ರತಿಷ್ಠಿತೆಗೂ ಮೊದಲನೆಯದು ಪ್ರತಿಷ್ಠಿತೆಗೂ ಹತ್ತಿರವಾಗಿವೆ. ಐದು ವರ್ಷಗಳಲ್ಲಿ ಒಂದೇ ಸಭೆಯು ಒಂದು ಲಕ್ಷಣದಿಂದ ಇನ್ನೊಂದು ಲಕ್ಷಣಕ್ಕೆ ಸಂದುದು ಶಾಸ್ತ್ರಜ್ಞರಿಗೆ ಮನನೀಯವಾದ ವಿಷಯ.

ಅಠಾರಾ ಕಚೇರಿಗೂ ಒಮ್ಮೆ ಅಳಿವಿನ ಭಯವು ಒದಗಿತ್ತು. 1980ರ ದಶಕದಲ್ಲಿ ಅದನ್ನು ಕೆಡಹುವ ಪ್ರಸ್ತಾಪವು ಹುಟ್ಟಿದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು; ಕಟ್ಟಡವು ಉಳಿಯಿತು. ಅದರ ಮುಂದಿದ್ದ ಕಬ್ಬನ್ನನ ಅಶ್ವಾರೂಢ ವಿಗ್ರಹವಾದರೋ 2020ರಲ್ಲಿ ಉದ್ಯಾನದೊಳಕ್ಕೆ ಹೋಯಿತು. ಕಲ್ಲು ಇಟ್ಟಿಗೆಗಳ ರಕ್ಷಣೆಯು ಉಚಿತವೇ. ಆದರೆ ಸಭೆಯು ಪ್ರತಿಷ್ಠಿತವಾಗುವುದು ಕಂಬಗಳಿಂದಲ್ಲ. ದುರ್ಗದಬೈಲಿನ ವರ್ತಕನು ಬೆಳಿಗ್ಗೆ ಹೊರಟು, ತನ್ನ ವ್ಯಾಜ್ಯದ ವಿಚಾರಣೆಯನ್ನು ಕೇಳಿ, ಸಂಜೆಗೆ ಮನೆಗೆ ಮರಳುವಂತಾದಾಗಲೇ ಬೃಹಸ್ಪತಿಯ ಆ ಶಬ್ದವು ಸಾರ್ಥಕವಾಗುವುದು.